ಮೋಟಾರ್ ಹಾಕುವ ಮುಂಚೆ ಒಂದು ಅಳತೆ

(ಬೆಂಗಳೂರಿನ ಒಂದು ಬಡಾವಣೆಯಲ್ಲಿ ನಿವಾಸಿಗಳು ಸೇರಿಸಿದ್ದ ಭಾನುವಾರದ ಸಭೆಯಲ್ಲಿ, ಕೊಳವೆಬಾವಿಯ (ಬೋರ್) ನೀರಿನ ಮಟ್ಟ ಅಳೆಯುವುದರ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನಷ್ಟೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಶುರು ಮಾಡೋಣ. 2022ರಲ್ಲಿ ಬೆಂಗಳೂರಿಗೆ ಎಷ್ಟು ಮಳೆ ಬಂತು ಅನ್ನೋದು ನಿಮಗೆ ನೆನಪಿರಬೇಕು. ಹವಾಮಾನ ಇಲಾಖೆಯ ನಗರ ಕೇಂದ್ರದಲ್ಲಿ ಅಕ್ಟೋಬರ್ ಮುಗಿಯುವ ಮೊದಲೇ ವರ್ಷದ ಮೊತ್ತ 1,700 ಮಿ.ಮೀ ದಾಟಿ, 2017ರ 1,696 ಮಿ.ಮೀ ದಾಖಲೆಯನ್ನು ಮುರಿಯಿತು. ನಮ್ಮೂರಿನ ವಾಡಿಕೆ ಮಳೆ ಸಾವಿರಕ್ಕೆ ತುಸು ಕಡಿಮೆ. ಹೊರವರ್ತುಲ ರಸ್ತೆ ಕಡೆ ಸಾಫ್ಟ್‌ವೇರ್ ಹುಡುಗರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದು ಆ ಸೆಪ್ಟೆಂಬರಿನಲ್ಲೇ.

ಈಗ 2024ರ ಮಾರ್ಚ್‌ಗೆ ಬನ್ನಿ. ಆ ದಾಖಲೆ ಮಳೆ ಕಳೆದು ಒಂದೂವರೆ ವರ್ಷವೂ ಆಗಿಲ್ಲ. ನಗರದ ಸುಮಾರು 13,900 ಸಾರ್ವಜನಿಕ ಕೊಳವೆಬಾವಿಗಳಲ್ಲಿ 6,900 ಬತ್ತಿಹೋಗಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು, ತಮ್ಮ ಮನೆಯ ಬೋರ್ ಕೂಡ ಬತ್ತಿದೆ ಅಂದರು. ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತು. ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ. ಆ ದರಕ್ಕೆ ನಿಮಗೆ ಎಷ್ಟು ಟ್ಯಾಂಕರ್ ಸಿಕ್ಕವು ಅಂತ ನಾನು ಕೇಳೋಕೆ ಹೋಗಲ್ಲ.

ಅಷ್ಟು ಮಳೆ ಬಂದ ಊರಿನಲ್ಲಿ ಅಷ್ಟು ಬೇಗ ನೀರು ಹೇಗೆ ಮುಗಿಯಿತು? ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಕಾಂಕ್ರೀಟು, ಕೆರೆ ಒತ್ತುವರಿ. ಸುಳ್ಳಲ್ಲ. ಆದರೆ ಕಾಂಕ್ರೀಟು 2021ರಲ್ಲೂ ಇತ್ತು, ಕೆರೆಗಳನ್ನು ನುಂಗಿದ್ದು ಅದಕ್ಕೂ ಬಹಳ ಹಿಂದೆ. ಅವೆರಡರಿಂದ ಈ ಒಂದೂವರೆ ವರ್ಷದ ಲೆಕ್ಕ ಬಿಡಿಸೋಕೆ ಆಗಲ್ಲ. ಅದನ್ನು ಬಿಡಿಸಬೇಕಾದರೆ ನಮ್ಮ ಕಾಲ ಕೆಳಗೆ ಏನಿದೆ ಅಂತ ನೋಡಬೇಕು.

ಅದನ್ನು ನೋಡೋಕೆ ಬೋರ್ ಕೊರೆಸಬೇಕಾಗಿಲ್ಲ, ಲಾಲ್‌ಬಾಗಿಗೆ ಹೋದರೆ ಸಾಕು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆ ಪೆನಿನ್ಸುಲರ್ ನೈಸ್ ಅನ್ನುವ ಶಿಲೆ. ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಫಲಕ ಹಾಕಿದ್ದಾರೆ. ವಾಕಿಂಗ್ ಮುಗಿಸಿ ಅದರ ಮೇಲೆ ಕೂತು ಶೇಂಗಾ ತಿನ್ನುವವರ ಅಡಿಯಲ್ಲಿರುವುದೇ ನಮ್ಮ ನಿಮ್ಮ ಮನೆಯ ಅಡಿಯಲ್ಲೂ ಇರೋದು. ವ್ಯತ್ಯಾಸ ಇಷ್ಟೆ: ಅಲ್ಲಿ ಬಂಡೆ ಮೇಲಕ್ಕೆ ಬಂದಿದೆ. ಇಲ್ಲಿ ಅದರ ಮೇಲೆ ಮಣ್ಣು, ಮಣ್ಣಿನ ಕೆಳಗೆ ಕಾಲಾಂತರದಲ್ಲಿ ಪುಡಿಪುಡಿಯಾದ ಶಿಥಿಲ ಕಲ್ಲಿನ ಪದರ, ಅದು ಕೆಲವೆಡೆ ಹತ್ತಾರು ಅಡಿ, ಕೆಲವೆಡೆ ನೂರಕ್ಕೂ ಹೆಚ್ಚು. ಅದರ ಕೆಳಗೆ ಗಟ್ಟಿ ಬಂಡೆ. ಆ ಬಂಡೆಯಲ್ಲಿ ನೀರಿಗೆ ಜಾಗ ಇರೋದು ಬಿರುಕುಗಳಲ್ಲಿ ಮಾತ್ರ.

ಹಿಂದೆ ಬಸವನಗುಡಿ, ಮಲ್ಲೇಶ್ವರದ ಹಿತ್ತಲುಗಳಲ್ಲಿ ಇದ್ದ ಸೇದುವ ಬಾವಿಗಳು ನಿಂತದ್ದು ಆ ಶಿಥಿಲ ಪದರದ ನೀರಿನ ಮೇಲೆ. ಹಗ್ಗ ಇಪ್ಪತ್ತು ಮೂವತ್ತು ಅಡಿ ಇಳಿಸಿದರೆ ಕೊಡ ತುಂಬುತ್ತಿತ್ತು. ಈಗ ಸಾವಿರ ಅಡಿ, ಸಾವಿರದೈನೂರು ಅಡಿ ಕೊರೆಸಿದಾಗ ನಾವು ಹೋಗೋದು ಬಿರುಕುಗಳ ನೀರಿಗೆ. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಅಂತ ಒಂದು ನಂಬಿಕೆ ಇದೆ, ನಮ್ಮ ಕಲ್ಲಿನಲ್ಲಿ ಅದು ತಲೆಕೆಳಗು. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ, ಇದ್ದ ಬಿರುಕೂ ಕಿರಿದು.

ಇಲ್ಲಿ ಸ್ವಲ್ಪ ಲೆಕ್ಕ ಬರುತ್ತೆ, ಸಹಿಸಿಕೊಳ್ಳಿ. ನಮ್ಮ ಶಿಥಿಲ ಪದರದಿಂದ ನಾವು ಹೊರತೆಗೆಯಬಹುದಾದ ನೀರು ಅದರ ಗಾತ್ರದ ನೂರಕ್ಕೆ ಎರಡು ಪಾಲಿನ ಆಸುಪಾಸು, ಬಹಳ ಆದರೆ ಮೂರು. ಅಂದರೆ ಒಂದು ಮೀಟರ್ ದಪ್ಪ ಪದರದಲ್ಲಿ 20 ಮಿ.ಮೀ ನೀರು. ಕೆಳಗಿನ ಬಂಡೆಯಲ್ಲಿ ಇದರ ಹತ್ತನೇ ಒಂದು ಪಾಲು ಸಿಕ್ಕರೂ ಪುಣ್ಯ. ಒಂದೇ ಸೌಟು ನೀರನ್ನು ಪರಾತಕ್ಕೆ ಹಾಕಿದರೆ ತಳ ಒದ್ದೆಯಾಗುತ್ತೆ, ಕಿರಿದಾದ ಲೋಟಕ್ಕೆ ಹಾಕಿದರೆ ಅರ್ಧಕ್ಕೆ ಏರುತ್ತೆ. ನಮ್ಮದು ಲೋಟ. ಒಳ್ಳೆ ಮಳೆ ಬಂದಾಗ ಬೋರಿನ ಮಟ್ಟ ಜಿಗಿದು ಮೇಲೆ ಬರೋದು, ನಾಲ್ಕು ತಿಂಗಳಲ್ಲಿ ಅಷ್ಟೇ ವೇಗವಾಗಿ ಕುಸಿಯೋದು, ಎರಡಕ್ಕೂ ಕಾರಣ ಇದೇ. 2022ರಲ್ಲಿ ಮಟ್ಟ ಏರಿತು ಅಂತ ಖುಷಿಪಟ್ಟವರು ಏರಿದ ಎತ್ತರ ನೋಡಿದರು, ಎಷ್ಟು ನೀರು ಅಂತ ನೋಡಲಿಲ್ಲ.

ಇನ್ನು ತೆಗೆಯುವ ಕಡೆಯ ಲೆಕ್ಕ. ಒಂದು ಎಕರೆ ಜಾಗದಲ್ಲಿ ನೂರು ಮನೆಗಳ ಅಪಾರ್ಟ್‌ಮೆಂಟ್ ಇದೆ ಅಂತ ಇಟ್ಟುಕೊಳ್ಳಿ. ಮನೆಗೆ ದಿನಕ್ಕೆ 500 ಲೀಟರ್ ಅಂದರೂ 50,000 ಲೀಟರ್. ಆ ಒಂದು ಎಕರೆಯ ಮೇಲೆ ಇಡೀ ವರ್ಷ ಬೀಳುವ ಮಳೆ 39 ಲಕ್ಷ ಲೀಟರ್ ಚಿಲ್ಲರೆ. ಒಂದು ಹನಿಯೂ ಚರಂಡಿಗೆ ಹೋಗದೆ, ಆವಿಯಾಗದೆ, ಅಷ್ಟೂ ಭೂಮಿಗಿಳಿಯಿತು ಅಂದುಕೊಂಡರೂ 80 ದಿನಕ್ಕೆ ಸಾಲಲ್ಲ. ನಿಜದಲ್ಲಿ ತೆರೆದ ನೆಲ ಇದ್ದರೂ ಹತ್ತನೇ ಒಂದು ಪಾಲು ಇಂಗಿದರೆ ಹೆಚ್ಚು, ಅಂದರೆ ಎಂಟು ದಿನದ ನೀರು. ಉಳಿದದ್ದು ಎಲ್ಲಿಂದ ಬರುತ್ತೆ? ಪಕ್ಕದ ಸೈಟುಗಳ ಅಡಿಯಿಂದ, ಹಿಂದಿನ ವರ್ಷಗಳ ಉಳಿಕೆಯಿಂದ. ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕದಲ್ಲಿ ಮರುಪೂರಣದ, ಅಂದರೆ ವರ್ಷಕ್ಕೆ ಭೂಮಿಗೆ ಇಂಗಿ ಸೇರುವ ನೀರಿನ, ನೂರಕ್ಕೆ 70 ಪಾಲಿನೊಳಗೆ ತೆಗೆದರೆ ಸುರಕ್ಷಿತ, 100 ದಾಟಿದರೆ ಅತಿಬಳಕೆ. ಬೆಂಗಳೂರು ನಗರ ಜಿಲ್ಲೆ ಯಾವ ಕಡೆ ಇದೆ ಅಂತ ಹೇಳಬೇಕಾಗಿಲ್ಲ. ಕೋಲಾರವೂ ನಮ್ಮ ಜೊತೆಗೇ ಇದೆ, ಆದರೆ ಅವರು ಅದರಲ್ಲಿ ತರಕಾರಿ ಬೆಳೆದು ನಮಗೆ ಕಳಿಸ್ತಾರೆ. ನಾವು ಕಾರು ತೊಳೀತೀವಿ.

ಮಳೆಯ ವಿಷಯಕ್ಕೆ ಬರ್ತೀನಿ. ಮಳೆ ಅಳೆಯೋದರಲ್ಲಿ ನಮ್ಮ ರಾಜ್ಯ ದೇಶದಲ್ಲೇ ಮುಂದಿದೆ, ಇದನ್ನು ಹೆಮ್ಮೆಯಿಂದಲೇ ಹೇಳಬಹುದು. 1988ರಲ್ಲಿ ಬರ ಉಸ್ತುವಾರಿಗೆ ಅಂತಲೇ ಒಂದು ಕೋಶ ಶುರು ಮಾಡಿದ ಮೊದಲ ರಾಜ್ಯ ಕರ್ನಾಟಕ. ಅದೇ ಬೆಳೆದು ಇವತ್ತು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಸೋಲಾರ್ ಫಲಕದ ಮಳೆಮಾಪಕ ಇಟ್ಟಿದ್ದಾರೆ, ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತೆ. ನಗರದೊಳಗಿನ ಮಾಪಕಗಳ ಮಾಹಿತಿ ಮೇಘಸಂದೇಶ ಆ್ಯಪ್‌ನಲ್ಲಿ ನೀವೇ ನೋಡಬಹುದು. ನೋಡಿದರೆ ಒಂದು ವಿಷಯ ತಕ್ಷಣ ಗೊತ್ತಾಗುತ್ತೆ. ಯಲಹಂಕದಲ್ಲಿ ಚರಂಡಿ ಉಕ್ಕುತ್ತಿರುವಾಗ ಬನಶಂಕರಿಯಲ್ಲಿ ಬಟ್ಟೆ ಒಣಗುತ್ತಿರುತ್ತೆ. ಬೆಂಗಳೂರಿಗೆ ಇಷ್ಟು ಮಿಲಿಮೀಟರ್ ಮಳೆ ಅಂತ ಪತ್ರಿಕೆಯಲ್ಲಿ ಬರೋದು ಒಂದೆರಡು ಮಾಪಕಗಳ ಮಾತು, ನಿಮ್ಮ ಬಡಾವಣೆಯ ಮಾತಲ್ಲ.

ಅದಕ್ಕಿಂತ ಮುಖ್ಯವಾದ ವಿಷಯ, ವರ್ಷದ ಮೊತ್ತ ನೋಡಿದರೆ ಸಾಲದು. ಯಾವ ಮಳೆ ಅಂತ ನೋಡಬೇಕು. ನಮ್ಮ ರೈತರು ಈ ಲೆಕ್ಕವನ್ನು ನಕ್ಷತ್ರದ ಹೆಸರಿನಲ್ಲಿ ಇಟ್ಟಿದ್ದಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ಬೆಳೆಗೆ ಅದು ಸರಿ. ಅಂತರ್ಜಲಕ್ಕೆ ಭರಣಿ, ಕೃತ್ತಿಕೆ ಅಷ್ಟು ಉಪಕಾರಿಯಲ್ಲ. ಬೇಸಿಗೆಯಲ್ಲಿ ಮಣ್ಣು ಬಾಯಾರಿ ಕೂತಿರುತ್ತೆ, ಗುಡುಗು ಮಳೆ ಒಂದು ಗಂಟೆ ಹೊಡೆದು ಹೋಗುತ್ತೆ. ಮೇಲ್ಮಣ್ಣು ನೆನೆಯುವಷ್ಟರಲ್ಲಿ ಅರ್ಧ ರಾಜಕಾಲುವೆ ಸೇರಿರುತ್ತೆ, ಉಳಿದದ್ದನ್ನು ಮಾರನೇ ದಿನದ ಬಿಸಿಲು ಎತ್ತಿಕೊಂಡು ಹೋಗುತ್ತೆ. ಮಣ್ಣು ತಾನು ಕುಡಿಯುವಷ್ಟು ಕುಡಿದ ಮೇಲೆ ಬರುವ ಮಳೆ ಮಾತ್ರ ಕೆಳಗಿಳಿಯೋದು. ನಮ್ಮಲ್ಲಿ ಆ ಕೆಲಸ ಮಾಡೋದು ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ. ಸೆಪ್ಟೆಂಬರ್, ಅಕ್ಟೋಬರ್ ಎರಡೇ ತಿಂಗಳಲ್ಲಿ ನಮ್ಮ ವರ್ಷದ ಮಳೆಯ ಮೂರನೇ ಒಂದಕ್ಕಿಂತ ಹೆಚ್ಚು ಬೀಳುತ್ತೆ.

2023ರಲ್ಲಿ ಏನಾಯಿತು ಈಗ ನೋಡಿ. ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿಗೆ 300 ಮಿ.ಮೀಗೂ ಹೆಚ್ಚು ಮಳೆ ಬಂತು. ಮೇ ತಿಂಗಳಿಗೆ ಅದು ವಿಪರೀತ. ಆಮೇಲೆ ಆಗಸ್ಟ್ ಬಂತು, ದೇಶಕ್ಕೆ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್. ಹಿಂಗಾರೂ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಬೇಕಾಯಿತು. ವರ್ಷದ ಕೊನೆಗೆ ಮೊತ್ತ ಕೂಡಿಸುವವರಿಗೆ ಮೇ ತಿಂಗಳ ಆ ಮಳೆ ಒಂದು ಮರೆ ಒದಗಿಸುತ್ತೆ. ಬೋರಿಗೆ ಆ ಮರೆ ಇಲ್ಲ. ನವೆಂಬರ್‌ನಲ್ಲಿ ಮೇಲೇರಬೇಕಾದ ಮಟ್ಟ ಏರಲಿಲ್ಲ, ಎಳೆಯೋದು ಮಾತ್ರ ನಿಲ್ಲಲಿಲ್ಲ, ಮಾರ್ಚ್‌ಗೆ ಮೋಟಾರ್ ಗಾಳಿ ಎಳೆಯಿತು.

ಬರ ಘೋಷಣೆ ಹೇಗೆ ಆಗುತ್ತೆ ಅನ್ನೋದನ್ನೂ ಚುಟುಕಾಗಿ ಹೇಳಿಬಿಡ್ತೀನಿ. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಪ್ರಕಾರ ಮೊದಲು ಮಳೆ ನೋಡ್ತಾರೆ: ವಾಡಿಕೆಗಿಂತ ಎಷ್ಟು ಕೊರತೆ, ಎಷ್ಟು ವಾರ ಸತತ ಒಣಹವೆ. ಅದು ಬಾಗಿಲು. ಒಳಗೆ ಹೋದಮೇಲೆ ಬಿತ್ತನೆ ಪ್ರದೇಶ, ಉಪಗ್ರಹ ಚಿತ್ರದಲ್ಲಿ ಹಸಿರು, ಮಣ್ಣಿನ ತೇವ, ಜಲಾಶಯ ಮತ್ತು ಅಂತರ್ಜಲದ ಮಟ್ಟ ನೋಡ್ತಾರೆ. ಹಳ್ಳಿಗೆ ಇದು ಒಪ್ಪುವ ವ್ಯವಸ್ಥೆ, ಯಾಕೆಂದರೆ ಅಲ್ಲಿ ರಾಗಿ ಹೊಲವೇ ಸಾಕ್ಷಿ ಹೇಳುತ್ತೆ. ಬಿತ್ತನೆಯೇ ಇಲ್ಲದ ಎಚ್‌ಎಸ್‌ಆರ್ ಬಡಾವಣೆಗೆ ಬರ ಬಂದಿದೆಯೋ ಇಲ್ಲವೋ ಅಂತ ಯಾವ ಹೊಲ ನೋಡಿ ತೀರ್ಮಾನಿಸೋದು? ನಗರದ ಬರ ಮೊದಲು ಕಾಣಿಸೋದು ಟ್ಯಾಂಕರ್ ರೇಟಿನಲ್ಲಿ. ಅಷ್ಟು ಹೊತ್ತಿಗೆ ತಡವಾಗಿರುತ್ತೆ. ನನ್ನ ಪ್ರಕಾರ ನಗರಕ್ಕೆ ಅಂತರ್ಜಲದ ಮಟ್ಟವೇ ಮೊದಲ ಸೂಚಕ ಆಗಬೇಕು, ಮಳೆ ಎರಡನೆಯದು.

ಆದರೆ ಆ ಮಟ್ಟವನ್ನು ಅಳೆಯುವವರು ಯಾರು? ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತೆ: ಜನವರಿ, ಮುಂಗಾರಿಗೆ ಮುಂಚೆ, ಆಗಸ್ಟ್, ನವೆಂಬರ್. ರಾಜ್ಯದ ಅಂತರ್ಜಲ ನಿರ್ದೇಶನಾಲಯ ತನ್ನ ಬಾವಿಗಳನ್ನು ತಿಂಗಳಿಗೊಮ್ಮೆ ಅಳೆಯುತ್ತೆ. ಜಿಲ್ಲೆಯ ಸ್ಥಿತಿ ತಿಳಿಯೋಕೆ ಇದು ಸಾಕು. ನಿಮ್ಮ ಬೀದಿಗೆ ಸಾಲದು, ಯಾಕೆಂದರೆ ನಮ್ಮ ಕಲ್ಲಿನಲ್ಲಿ ಈ ಸೈಟಿನ ಬೋರಿಗೂ ಆ ಸೈಟಿನ ಬೋರಿಗೂ ಸಂಬಂಧವೇ ಇಲ್ಲದಿರಬಹುದು. ಉಪಗ್ರಹದಿಂದ ಅಂತರ್ಜಲ ಅಳೀತಾರಂತೆ ಅಂತ ಈಗಷ್ಟೇ ಒಬ್ಬರು ಕೇಳಿದರು. ಅಳೀತಾರೆ, ಭೂಮಿಯ ಗುರುತ್ವದ ಏರಿಳಿತ ನೋಡಿ. ಆದರೆ ಅದರ ನಕ್ಷೆಯ ಒಂದು ಚುಕ್ಕೆಯೊಳಗೆ ಬೆಂಗಳೂರಿನ ಜೊತೆ ಕೋಲಾರ, ತುಮಕೂರು, ಮಂಡ್ಯ ಎಲ್ಲ ಸೇರಿಹೋಗುತ್ತವೆ.

ಈ ನಗರದ ಅಂತರ್ಜಲವನ್ನು ಒತ್ತೊತ್ತಾಗಿ ಅಳೆದ ಒಂದು ಅಧ್ಯಯನ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಶೇಖರ್ ಮುದ್ದು ಮತ್ತು ಸಂಗಡಿಗರು 2015ರಿಂದ 2017ರವರೆಗೆ ನಗರದ 154 ಕಡೆ ಮಟ್ಟ ನೋಡಿದರು. ನಾವು ಶಾಲೆಯಲ್ಲಿ ಓದಿದ್ದು ಏನು? ದಿಬ್ಬದಲ್ಲಿ ನೀರು ಆಳ, ತಗ್ಗಿನಲ್ಲಿ ಮೇಲೆ. ಅವರಿಗೆ ಸಿಕ್ಕಿದ್ದು ಅದರ ಉಲ್ಟಾ. ಎತ್ತರದಲ್ಲಿರುವ ಹಳೇ ನಗರದ ನಡುಭಾಗದಲ್ಲಿ ನೀರು ಮೇಲಿದೆ, ತಗ್ಗಿನ ಹೊರವಲಯದಲ್ಲಿ ಆಳಕ್ಕೆ ಹೋಗಿದೆ. ಅವರು ಕೊಟ್ಟ ಕಾರಣ: ನಡುಭಾಗಕ್ಕೆ ಕಾವೇರಿ ಇದೆ, ಬೋರ್ ಎಳೆಯೋದು ಕಡಿಮೆ, ಜೊತೆಗೆ ಹಳೇ ಪೈಪುಗಳಿಂದ ಸೋರುವ ನೀರು, ಒಳಚರಂಡಿಯ ನೀರು ಭೂಮಿಗೆ ಇಳೀತಾ ಇದೆ. ಹೊರವಲಯದಲ್ಲಿ ಆಗ ಪೈಪೂ ಕಡಿಮೆ, ಸೋರಿಕೆಯೂ ಕಡಿಮೆ, ಎಳೆತ ಮಾತ್ರ ಜಾಸ್ತಿ.

ಇದನ್ನು ನಾನು ಎಲ್ಲಿ ಹೇಳಿದರೂ ಜನ ನಗ್ತಾರೆ. ಕೆ.ಆರ್.ಎಸ್ ಕಡೆಯಿಂದ ಬಂದ ನದಿ ನೀರನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಎಳೆದು, ಕರೆಂಟು ಸುಟ್ಟು ಬೆಟ್ಟ ಹತ್ತಿಸಿ ತಂದು, ಚಾಮರಾಜಪೇಟೆಯ ನೆಲದಡಿ ಇಂಗಿಸ್ತಿದ್ದೇವೆ. ದೇಶದಲ್ಲೇ ದುಬಾರಿ ಇಂಗುಗುಂಡಿ ನಮ್ಮದು. ಹಾಗಂತ ನಡುಭಾಗದವರು ಮಟ್ಟ ಮೇಲಿದೆ ಅಂತ ಬೀಗಬೇಕಾಗಿಲ್ಲ. ಒಳಚರಂಡಿ ಸೇರಿದ ನೀರಿನಲ್ಲಿ ನೈಟ್ರೇಟ್ ಇರುತ್ತೆ, ಕುದಿಸಿದರೆ ಅದು ಹೋಗಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ. 2016 ಬರದ ವರ್ಷ. ಆ ವರ್ಷ ನಗರದ ಅಂತರ್ಜಲ ಸಂಗ್ರಹದಲ್ಲಿ ಆದ ನಷ್ಟ 27 ಮಿ.ಮೀ ಅಂತ ಅವರು ಅಂದಾಜು ಮಾಡಿದರು. ಕೇಳೋಕೆ ಏನೂ ಅಲ್ಲ, ಒಂದು ಸಂಜೆಯ ಮಳೆ. ಈಗ ಲೋಟದ ಲೆಕ್ಕ ಹಾಕಿ. ಶಿಥಿಲ ಪದರದಲ್ಲಾದರೆ 27 ಮಿ.ಮೀ ನಷ್ಟಕ್ಕೆ ಮಟ್ಟ ಒಂದೂಕಾಲು, ಒಂದೂವರೆ ಮೀಟರ್ ಇಳಿಯುತ್ತೆ. ಆ ಪದರ ಬರಿದಾಗಿ ಬಂಡೆಯ ಬಿರುಕಿಗೆ ಇಳಿದಿದ್ದರೆ ಅಷ್ಟೇ ನೀರಿಗೆ ಹದಿಮೂರು ಹದಿನಾಲ್ಕು ಮೀಟರ್, ಅಂದರೆ ನಲವತ್ತೈದು ಅಡಿ. ಬರ ಎರಡು ಕಡೆಯೂ ಅದೇ. ಯಾವ ಪದರದಲ್ಲಿ ನಿಂತು ಅದನ್ನು ಎದುರಿಸ್ತೀರಿ ಅನ್ನೋದರ ಮೇಲೆ ನಿಮ್ಮ ಬೋರು ಉಳಿಯುತ್ತೋ ಬತ್ತುತ್ತೋ ತೀರ್ಮಾನ ಆಗುತ್ತೆ.

ಹಾಗಾಗಿ ಇವತ್ತು ನಾನು ಕೇಳಿಕೊಳ್ಳೋಕೆ ಬಂದಿರೋದು ಒಂದೇ ವಿಷಯ. ನಿಮ್ಮ ಬೋರಿನ ಮಟ್ಟವನ್ನು ತಿಂಗಳಿಗೊಮ್ಮೆ ನೀವೇ ಅಳೆಯಿರಿ. ಎಷ್ಟು ಇಂಚು ನೀರು ಬರ್ತಿದೆ ಅಂತ ಎಲ್ಲರಿಗೂ ಗೊತ್ತು, ಕೊರೆಸಿದ ಆಳ ಎಷ್ಟು ಅಂತ ಬಾಯಿಪಾಠ ಇದೆ, ಖರ್ಚಾದ ದುಡ್ಡು ಮರೆಯೋಕೇ ಆಗಲ್ಲ. ಈಗ ನೀರು ಎಷ್ಟು ಅಡಿಯಲ್ಲಿ ನಿಂತಿದೆ ಅಂತ ಕೇಳಿದರೆ ವಾಚ್‌ಮನ್ ಮುಖ ನೋಡ್ತಾರೆ.

ಅಳೆಯೋದು ಹೇಗೆ? ಸೌಂಡರ್ ಅಂತ ಒಂದು ಉಪಕರಣ ಇದೆ. ಒಂದು ಸುರುಳಿ, ಅದರಲ್ಲಿ ಅಡಿ-ಮೀಟರ್ ಗುರುತಿರುವ ಟೇಪು, ತುದಿಯಲ್ಲಿ ಬೆರಳುದ್ದದ ಲೋಹದ ಕಡ್ಡಿ. ಕಡ್ಡಿ ನೀರಿಗೆ ತಾಗಿದ ತಕ್ಷಣ ಸುರುಳಿ ಬೀಪ್ ಅನ್ನುತ್ತೆ, ಒಂದು ಚಿಕ್ಕ ದೀಪ ಹತ್ತುತ್ತೆ. ಇಡೀ ಬಡಾವಣೆಗೆ ಒಂದು ಸಾಕು.

ಬೆಳಗಿನ ಜಾವ, ಮೋಟಾರ್ ಹಾಕುವ ಮುಂಚೆ ಹೋಗಬೇಕು. ರಾತ್ರಿಯೆಲ್ಲ ಮೋಟಾರ್ ನಿಂತಿದ್ದರೆ ನೀರು ತನ್ನ ಜಾಗಕ್ಕೆ ಬಂದು ನಿಂತಿರುತ್ತೆ, ಆಗ ಸಿಗೋದು ಸ್ಥಿರ ಮಟ್ಟ. ಮೋಟಾರ್ ಓಡುವಾಗ ಅಳೆದರೆ ನೂರು ಅಡಿ ವ್ಯತ್ಯಾಸ ಬಂದರೂ ಆಶ್ಚರ್ಯ ಇಲ್ಲ. ಒಂದು ತಿಂಗಳು ನಿಲ್ಲಿಸಿ, ಇನ್ನೊಂದು ತಿಂಗಳು ಓಡಿಸುತ್ತಾ ಅಳೆದ ಪುಸ್ತಕ ರದ್ದಿಗೆ ಹಾಕೋಕೆ ಲಾಯಕ್ಕು. ಪಕ್ಕದ ಮನೆಯವರ ಮೋಟಾರ್ ಓಡ್ತಿದೆಯಾ ಅಂತಲೂ ಒಂದು ಕಿವಿ ಇಟ್ಟಿರಿ, ಬರೆದುಕೊಳ್ಳಿ. ಎರಡು ಬೋರಿಗೆ ಒಂದೇ ಬಿರುಕು ಇದ್ದರೆ ಅದು ನಿಮ್ಮ ಮಟ್ಟದಲ್ಲಿ ಕಾಣುತ್ತೆ.

ಮೇನ್ ಸ್ವಿಚ್ ಆಫ್ ಮಾಡಿ. ಬೋರಿನ ಮುಚ್ಚಳದಲ್ಲಿ ಕೇಬಲ್ ಹೊರಬರುವ ಸಂದಿ ಇರುತ್ತೆ, ಹೆಬ್ಬೆರಳು ತೂರುವಷ್ಟು. ಅಲ್ಲೇ ಕಡ್ಡಿ ಇಳಿಸೋದು. ಜಿರಲೆಗಳು ಬರುತ್ತವೆ, ಹೆದರಬೇಡಿ. ನಿಧಾನಕ್ಕೆ ಬಿಡಿ. ಒಳಗೆ ಪೈಪು, ಕೇಬಲ್, ಕೆಲವು ಕಡೆ ಮೋಟಾರಿಗೆ ಕಟ್ಟಿದ ಹಗ್ಗ ಎಲ್ಲ ಇರುತ್ತವೆ. ಕೇಬಲ್ಲನ್ನು ಪೈಪಿಗೆ ಕಟ್ಟಿದ ಗಂಟುಗಳಲ್ಲಿ ಕಡ್ಡಿ ಕೂತುಕೊಂಡರೆ ಟೇಪು ಸಡಿಲಾಗುತ್ತೆ, ಕೈಗೆ ಗೊತ್ತಾಗುತ್ತೆ. ಜಗ್ಗಬೇಡಿ, ಒಂದು ಸುತ್ತು ತಿರುಗಿಸಿ ಮೇಲೆತ್ತಿ, ಬಿಡಿಸಿಕೊಳ್ಳುತ್ತೆ.

ಆಮೇಲೆ ಬೀಪ್ ಬರುತ್ತೆ. ಮೊದಲ ಬೀಪ್ ನಂಬಬೇಡಿ. ಬೋರಿನ ಗೋಡೆ ಒದ್ದೆ ಇದ್ದರೂ ಅದು ಕೂಗುತ್ತೆ, ಆದರೆ ಬಿಟ್ಟು ಬಿಟ್ಟು ಕೂಗುತ್ತೆ. ನಿಂತ ನೀರು ತಾಗಿದರೆ ಎಡೆಬಿಡದೆ. ಎರಡು ಅಡಿ ಮೇಲೆತ್ತಿ ಮತ್ತೆ ಇಳಿಸಿ, ಅದೇ ಗುರುತಿನಲ್ಲಿ ಮತ್ತೆ ಕೂಗಿದರೆ ಬರೆದುಕೊಳ್ಳಿ. ಕೇಸಿಂಗ್ ಪೈಪು ನೆಲದಿಂದ ಎಷ್ಟು ಮೇಲಿದೆಯೋ ಅಷ್ಟನ್ನು ಕಳೆಯಬೇಕು, ಪ್ರತಿ ಸಲವೂ ಪೈಪಿನ ಅದೇ ಅಂಚಿನಿಂದ ಅಳೆಯಬೇಕು. ಆ ಅಂಚಿಗೆ ಬಣ್ಣದಲ್ಲಿ ಒಂದು ಗೆರೆ ಹಾಕಿಬಿಡಿ, ಮುಂದಿನ ತಿಂಗಳು ಬೇರೆಯವರು ಅಳೆದರೂ ಲೆಕ್ಕ ತಪ್ಪಲ್ಲ.

ಇನ್ನೊಂದು. ಕಡ್ಡಿ ಇಳಿಸುವ ಮುಂಚೆ ಆ ಸಂದಿಗೆ ಕಿವಿ ಕೊಡಿ. ಕೆಲವು ಬೋರುಗಳಲ್ಲಿ ಒಳಗೆ ಎಲ್ಲೋ ನೀರು ಸುರಿಯುವ ಸದ್ದು ಕೇಳುತ್ತೆ, ವಿಶೇಷವಾಗಿ ಮಳೆಗಾಲ ಮುಗಿದ ಮೇಲೆ. ಮನೆಯವರು ಗಂಗಮ್ಮ ಬಂದಳು ಅಂತ ಕೈಮುಗೀತಾರೆ. ನನಗೆ ಆ ಸದ್ದು ಕೇಳಿದರೆ ಸಂಕಟ ಆಗುತ್ತೆ. ಮೇಲಿನ ಪದರದ ಒಳ್ಳೇ ನೀರು ಬೋರಿನ ತೂತಿನಲ್ಲಿ ಬಿದ್ದು ಕೆಳಗಿನ ಬಿರುಕುಗಳಿಗೆ ಇಳಿದು ಹೋಗ್ತಿರುವ ಸದ್ದು ಅದು. ನೂರಕ್ಕೆ ಎರಡು ಪಾಲು ಹಿಡಿದಿಡುವ ಪದರ ಬರಿದಾಗ್ತಾ ಇದೆ. ಹಾಳುಬಿದ್ದ ಬೋರುಗಳಲ್ಲೂ ಇದು ನಡೀತಾನೇ ಇರುತ್ತೆ, ಕೇಳೋಕೆ ಯಾರೂ ಇರಲ್ಲ. ಮಕ್ಕಳು ಬೀಳಬಾರದು ಅಂತ ಬಾಯಿ ಮುಚ್ಚಿಸಿರ್ತೀವಿ, ಒಳಗಿನ ತೂತು ಹಾಗೇ ಇರುತ್ತೆ.

ಹಿತ್ತಲಲ್ಲಿ ಹಳೇ ಸೇದುವ ಬಾವಿ ಇರುವವರು ಇಲ್ಲಿ ಯಾರಾದರೂ ಇದ್ದೀರಾ? ನಾಲ್ಕೈದು ಕೈ. ಸಂತೋಷ. ಅದನ್ನು ಮುಚ್ಚಿಸಬೇಡಿ, ಕಸ ಹಾಕಬೇಡಿ. ಮೇಲಿನ ಪದರದ ಸ್ಥಿತಿಯನ್ನು ನೇರವಾಗಿ ಹೇಳೋದು ಆ ಬಾವಿ ಮಾತ್ರ. ಬೋರಿನ ಮಟ್ಟ ಮೂರ್ನಾಲ್ಕು ಬಿರುಕುಗಳ ಒತ್ತಡ ಬೆರೆತ ಮಟ್ಟ. ನೀರು ಸಿಕ್ಕಿದ್ದು 700 ಅಡಿಯಲ್ಲಿ, ನಿಂತಿರೋದು 200 ಅಡಿಯಲ್ಲಿ ಅಂತ ಆಗೋದು ಅದಕ್ಕೇ. ಬಾವಿಯಲ್ಲಿ ಆ ಗೊಂದಲ ಇಲ್ಲ. ಸರ್ಜಾಪುರದ ಹತ್ತಿರ ಭೋವಿಪಾಳ್ಯದಲ್ಲಿ ತಲೆತಲಾಂತರದಿಂದ ಬಾವಿ ತೋಡುವ ಮಣ್ಣುವಡ್ಡರಿದ್ದಾರೆ. ಹೂಳು ತೆಗೆಯೋಕೆ, ಇಂಗುಬಾವಿ ತೋಡೋಕೆ ಅವರನ್ನು ಕರೆಸಿ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮತ್ತೆ ನೀರು ಬಂದಿದ್ದು ಅವರ ಕೈಕೆಲಸದಿಂದ.

ಮಳೆಯನ್ನೂ ನೀವೇ ಅಳೆಯಬಹುದು. ನೇರ ಅಂಚಿನ, ಚಪ್ಪಟೆ ತಳದ ಪಾತ್ರೆ ಮಾಳಿಗೆ ಮೇಲೆ, ನೀರಿನ ಟ್ಯಾಂಕಿಗೆ ದೂರವಾಗಿ. ಬೆಳಿಗ್ಗೆ ಎಂಟೂವರೆಗೆ ಸ್ಕೇಲ್ ಇಟ್ಟು ನೋಡಿ ಬರೆದು ಖಾಲಿ ಮಾಡಿ. ಹವಾಮಾನ ಇಲಾಖೆಯವರು ಮಳೆದಿನ ಲೆಕ್ಕ ಹಾಕೋದೂ ಎಂಟೂವರೆಯಿಂದ ಎಂಟೂವರೆಗೇ. ಮಳೆಗೆ ಒಂದು ಗೆರೆ, ಮಟ್ಟಕ್ಕೆ ಒಂದು ಗೆರೆ, ಒಂದೇ ಹಾಳೆಯಲ್ಲಿ ಎಳೆಯಿರಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನಿಮ್ಮ ಬೋರಿನ ಸ್ವಭಾವ ಗೊತ್ತಾಗುತ್ತೆ. ಮಳೆ ಬಂದ ವಾರದೊಳಗೆ ಏರುತ್ತಾ, ಎರಡು ತಿಂಗಳು ಬಿಟ್ಟು ಏರುತ್ತಾ, ಏರುವುದೇ ಇಲ್ಲವಾ? ಮಳೆ ಇಲ್ಲದ ತಿಂಗಳಲ್ಲೂ ಏರ್ತಿದ್ದರೆ ಪಕ್ಕದಲ್ಲಿ ಎಲ್ಲೋ ಪೈಪ್ ಒಡೆದಿರಬಹುದು. ನವೆಂಬರ್ ಕೊನೆಯ ಮಟ್ಟವನ್ನು ಹಿಂದಿನ ನವೆಂಬರ್ ಜೊತೆ ಹೋಲಿಸಿ ನೋಡಿ. ಅದು ಕೆಳಗಿದ್ದರೆ ಡಿಸೆಂಬರ್‌ನಲ್ಲೇ ಸಂಘದ ಸಭೆ ಕರೆದು ಬಳಕೆ ಇಳಿಸೋಕೆ ನಿಮಗೆ ಮೂರು ತಿಂಗಳು ಕೈಯಲ್ಲಿರುತ್ತೆ. ಟ್ಯಾಂಕರಿನವರಿಗೆ ಫೋನ್ ಮಾಡೋದು ಮಾರ್ಚ್‌ನಲ್ಲಿ. 2024ರಲ್ಲಿ ಈ ಮೂರು ತಿಂಗಳು ಯಾರ ಕೈಯಲ್ಲೂ ಇರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಗಳು.

ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂತಲ್ಲ ಸರ್, ಇನ್ನು ಬೋರಿನ ಚಿಂತೆ ಯಾಕೆ ಅಂತ ಒಬ್ಬರು ಕೇಳಿದರು. 2024ರ ಅಕ್ಟೋಬರ್‌ನಲ್ಲಿ ಬಂದಿದೆ, ದಿನಕ್ಕೆ 775 ದಶಲಕ್ಷ ಲೀಟರ್, ನಗರದ ಅಂಚಿನಲ್ಲಿ ಸೇರಿಕೊಂಡ 110 ಹಳ್ಳಿಗಳ ಕಡೆಗೆ. ಒಳ್ಳೇದೇ. ಆದರೆ ಮನೆಯವರು ಸಂಪರ್ಕ ತೆಗೆದುಕೊಳ್ಳಬೇಕು, ಬಿಲ್ ಕಟ್ಟಬೇಕು. ಬೋರ್ ನೀರಿಗೆ ಬಹುತೇಕ ಮನೆಯವರು ಕೊಡೋದು ಕರೆಂಟ್ ಬಿಲ್ ಅಷ್ಟೇ. ಅದೂ ಅಲ್ಲದೆ ಕಾವೇರಿ ಕಣಿವೆಗೂ ನಮಗೂ ಬರ ಒಟ್ಟಿಗೇ ಬರುತ್ತೆ, 2023ರಲ್ಲಿ ಬಂದ ಹಾಗೆ. ಆ ವರ್ಷ ನಲ್ಲಿ ಕೈಕೊಟ್ಟರೆ ಉಳಿಯೋದು ಕೆಳಗಿನ ನೀರೇ. ಅಷ್ಟರವರೆಗೆ ಅದನ್ನು ಉಳಿಸಿಕೊಂಡಿದ್ದರೆ.

ಮೂವತ್ತಕ್ಕೆ ನಲವತ್ತು ಅಡಿ ಸೈಟಿನ ಮನೆಗೆ ಮಳೆಕೊಯ್ಲು ಮಾಡಿಸಿ ಏನು ಪ್ರಯೋಜನ ಅಂತ ಒಬ್ಬ ಅಮ್ಮನವರು ಕೇಳಿದರು. ಅಮ್ಮಾ, ಅಪಾರ್ಟ್‌ಮೆಂಟಿನ ಎಂಟು ದಿನದ ಲೆಕ್ಕ ಕೇಳಿ ನೀವು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದು ಬೇರೆ. ಮಾಳಿಗೆ ನೂರು ಚದರ ಮೀಟರ್ ಇದ್ದರೆ ವರ್ಷಕ್ಕೆ 97,000 ಲೀಟರ್ ಬೀಳುತ್ತೆ. ಕಸ, ಸೋರಿಕೆ ಅಂತ ಐದನೇ ಒಂದು ಪಾಲು ಕಳೆದರೂ ನಾಲ್ಕು ಜನರ ಮನೆಗೆ ನಾಲ್ಕು ತಿಂಗಳ ಮೇಲೆ ಬರುತ್ತೆ. ಮೊದಲು ಸಂಪಿಗೆ ಬಿಡಿ, ಸಂಪು ತುಂಬಿದ ಮೇಲೆ ಇಂಗುಬಾವಿಗೆ. ಬೋರಿನ ಬಾಯಿಗೇ ನೇರವಾಗಿ ಬಿಡಿಸಬೇಡಿ, ಮಾಳಿಗೆಯ ಪಾರಿವಾಳದ ಗಲೀಜು 700 ಅಡಿಗೆ ಇಳಿದರೆ ಅದನ್ನು ಯಾರೂ ತೊಳೆಯೋಕಾಗಲ್ಲ. ಜಯನಗರದ ಮಳೆಕೊಯ್ಲು ಉದ್ಯಾನದಲ್ಲಿ ಮಾದರಿಗಳನ್ನು ಕಟ್ಟಿಟ್ಟಿದ್ದಾರೆ, ಒಮ್ಮೆ ಹೋಗಿ ನೋಡಿಕೊಂಡು ಬನ್ನಿ.

ತೆಂಗಿನಕಾಯಿ ಹಿಡಿದು ನೀರು ತೋರಿಸುವವರ ಬಗ್ಗೆ ಏನಂತೀರಿ ಅಂತ ಹಿಂದಿನಿಂದ ಒಂದು ದನಿ ಬಂತು. ಬತ್ತಿದ ಬೋರುಗಳ ಜಾಗದಲ್ಲೂ ಕಾಯಿ ಎದ್ದು ನಿಂತಿತ್ತು ಅನ್ನೋದನ್ನು ಬಿಟ್ಟರೆ ನನ್ನ ತಕರಾರಿಲ್ಲ.

ಕೊನೆಗೆ ಒಬ್ಬ ಪ್ಲಂಬರ್ ಕೇಳಿದ್ದು ಇವತ್ತಿನ ಒಳ್ಳೇ ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಬೋರ್ ಮುಚ್ಚಳ ವೆಲ್ಡ್ ಮಾಡಿಬಿಟ್ಟಿದ್ದಾರೆ, ಸಂದಿಯೇ ಇಲ್ಲ, ಸೌಂಡರ್ ಹೇಗೆ ಇಳಿಸೋದು? ಈಗ ಬೇಡ, ವೆಲ್ಡಿಂಗ್ ಕತ್ತರಿಸೋಕೆ ಹೋಗಿ ಕೇಬಲ್ ಸುಟ್ಟೀತು. ಮುಂದೆ ಮೋಟಾರ್ ರಿಪೇರಿಗೆ ಬಂದೇ ಬರುತ್ತೆ, ಮೇಲೆತ್ತಲೇಬೇಕು. ಇಳಿಸುವಾಗ ನೀರಿನ ಪೈಪಿನ ಜೊತೆಗೆ ಒಂದಿಂಚಿನ ಒಂದು ಪ್ಲಾಸ್ಟಿಕ್ ಪೈಪನ್ನೂ ಕಟ್ಟಿ ಇಳಿಸಿ, ಮೋಟಾರಿಗಿಂತ ಸ್ವಲ್ಪ ಮೇಲಕ್ಕೆ ಕೊನೆಯಾಗುವ ಹಾಗೆ. ಕೆಳತುದಿಯ ಹತ್ತಡಿಗೆ ಸಣ್ಣ ತೂತು ಹಾಕಿಸಿ, ಮೇಲ್ತುದಿಗೆ ತಿರುಗಿಸಿ ತೆಗೆಯುವ ಮುಚ್ಚಳ. ಸೌಂಡರ್ ಅದರೊಳಗೆ ಸಲೀಸಾಗಿ ಇಳಿಯುತ್ತೆ, ಗಂಟಿಗೆ ಸಿಕ್ಕಲ್ಲ, ಗೋಡೆಯ ನೀರು ತಾಗಿ ಸುಳ್ಳು ಬೀಪ್ ಕೊಡೋದೂ ಕಡಿಮೆ. ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿಡಿ. ಮೋಟಾರ್ ಇಳಿಸಿ ಮುಗಿದ ಮೇಲೆ ಹೇಳಿದರೆ ಇನ್ನೊಂದು ಸಲ ಎತ್ತುವ ಕೂಲಿ ನೀವೇ ಕೊಡಬೇಕಾಗುತ್ತೆ.